ಕೈಯ ವೇಗವೂ ಮನದ ಎಚ್ಚರವೂ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಈ ಬರಹವು ತಂದೆತಾಯಿಯರ ಶುಶ್ರೂಷೆ, ಸತ್ಯವಚನಗಳೊಡನೆ ಪ್ರಾಣಿದಯೆಯನ್ನೂ ವಿಧಿಸುತ್ತದೆ. ಆದರೆ ಕಳಿಂಗಯುದ್ಧದ ಪಶ್ಚಾತ್ತಾಪವನ್ನು ತೋಡಿಕೊಳ್ಳುವ ಹದಿಮೂರನೆಯ ಶಿಲಾಶಾಸನದಲ್ಲಿ ಅದೇ ಅರಸನು, ನೊಂದಿದ್ದರೂ ತನಗೆ ದಂಡಿಸುವ ಶಕ್ತಿಯುಂಟೆಂದು ಅಡವಿಯ ಜನರನ್ನು ಎಚ್ಚರಿಸುತ್ತಾನೆ. ದಯೆಯನ್ನು ಸಾರಿದವನೂ ಬಲವನ್ನು ಕೆಳಗಿಡಲಿಲ್ಲ.

ಇದೇ ಚಿತ್ರದುರ್ಗದ ಸೀಮೆ ಓಬವ್ವನದು. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಲ್ಲಿ ತೆವಳಿ ಬರುವುದನ್ನು ಕಂಡು ಕಾವಲುಗಾರನ ಹೆಂಡತಿ ಒನಕೆಯನ್ನೆತ್ತಿದಳೆಂದು ಜನ ಹೇಳುತ್ತಾರೆ. ಆ ಕೈಗಿದ್ದದ್ದು ಧಾನ್ಯ ಕುಟ್ಟುವ ಅಭ್ಯಾಸವೇ ಹೊರತು ಯುದ್ಧಾಭ್ಯಾಸವಲ್ಲ. ಈಗ ಅವಳ ಹೆಸರಿನಲ್ಲಿಯೇ ವಿದ್ಯಾರ್ಥಿನಿಯರಿಗೆ ಆತ್ಮರಕ್ಷಣೆಯನ್ನು ಕಲಿಸಲಾಗುತ್ತಿದೆ. ಮಗಳನ್ನು ಅಂತಹ ತರಗತಿಗೆ ಕಳುಹಿಸಬಹುದೇ, ಬಸದಿಯ ಸಭಾಭವನವನ್ನು ಅದಕ್ಕೆ ಕೊಡಬಹುದೇ ಎಂಬ ಪ್ರಶ್ನೆ ಶ್ರಾವಕರಿಗೆ ಸಹಜವಾದುದು.

ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನಿಗೆ ಮೊದಲನೆಯದನ್ನು ನಿಷೇಧಿಸುವ ಕ್ರಮ ಎಲ್ಲರಿಗೂ ತಿಳಿದದ್ದು. ಮೇಲೆ ಬಿದ್ದ ಆಯುಧಪಾಣಿಯನ್ನು ತಡೆಯುವುದು ವಿರೋಧಿ. ಇಲ್ಲಿಗೆ ವಿಚಾರ ಮುಗಿಯಿತೆಂದು ಮಾತನಾಡುವವರುಂಟು, ಮುಗಿಯುವುದಿಲ್ಲ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸೆಕೆಂಡಿನ ಐದನೆಯ ಅಥವಾ ನಾಲ್ಕನೆಯ ಒಂದು ಭಾಗ ಬೇಕು; ಹಲವು ದಾರಿಗಳಲ್ಲಿ ಒಂದನ್ನು ಆರಿಸಬೇಕಾದರೆ ಇನ್ನೂ ಹೆಚ್ಚು. ಚೂರಿ ಹಿಡಿದವನು 21 ಅಡಿಗಳನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲನೆಂದು ಅಮೆರಿಕದ ಪೊಲೀಸ್ ಅಧಿಕಾರಿ ಡೆನ್ನಿಸ್ ಟ್ಯೂಲರ್ 1983ರಲ್ಲಿ ಬರೆದರು. ಆದಕಾರಣ ಶಿಕ್ಷಕನು ಆಯ್ಕೆಗಳನ್ನೇ ಕಡಿಮೆ ಮಾಡುತ್ತಾನೆ. ಒಂದೇ ಚಲನೆಯನ್ನು ಸಾವಿರ ಬಾರಿ ಮಾಡಿಸಿ, ಯೋಚನೆಗೆ ಮೊದಲೇ ದೇಹ ತಿರುಗುವಂತೆ ಪಳಗಿಸುತ್ತಾನೆ.

ತೊಡಕು ಇರುವುದು ಇಲ್ಲಿಯೇ. ತತ್ತ್ವಾರ್ಥಸೂತ್ರವು ಹಿಂಸೆಯ ಬೇರನ್ನು ಪ್ರಮಾದದಲ್ಲಿ ಕಾಣುತ್ತದೆ. ಯೋಚನೆಗೆ ಮೊದಲೇ ನಡೆದ ಕ್ರಿಯೆಯಲ್ಲಿ ಎಚ್ಚರವೆಲ್ಲಿಯದು? ಆ ಕ್ಷಣದಲ್ಲಿ ಅದನ್ನು ಹುಡುಕುವುದು ವ್ಯರ್ಥ. ಅದು ಎಷ್ಟೋ ತಿಂಗಳ ಹಿಂದೆ, ಅಭ್ಯಾಸದ ನೆಲದ ಮೇಲೆಯೇ ಇದ್ದಿರಬೇಕು. ಆಯುಧವಿದ್ದ ಕೈಯನ್ನು ಸರಿಸಿ, ಪಕ್ಕಕ್ಕೆ ಜಾರಿ, ಓಡಿ ಪಾರಾಗುವುದನ್ನು ರೂಢಿಸಿಕೊಂಡವಳ ದೇಹ ಹೊತ್ತು ಬಂದಾಗ ಅದನ್ನೇ ಮಾಡುತ್ತದೆ. ಕಲ್ಪಿತ ಶತ್ರುವನ್ನು ಕೊಲ್ಲುವುದನ್ನು ರುಚಿಯಿಂದ ಅಭ್ಯಸಿಸುವವನಾದರೋ, ಯಾರೂ ಎಂದೂ ಮೇಲೆ ಬೀಳದಿದ್ದರೂ, ಹಿಂಸಾನಂದವೆಂಬ ರೌದ್ರಧ್ಯಾನವನ್ನು ದಿನವೂ ಗಳಿಸುತ್ತಾನೆ. ವಿರೋಧಿಯೆಂಬ ಹೆಸರಿನಡಿಯಲ್ಲಿ ಅಲ್ಲಿ ಬೆಳೆಯುವುದು ಸಂಕಲ್ಪಿಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಒಪ್ಪುವುದಿಲ್ಲ. ಆದರೆ ನ್ಯಾಯಾಲಯ ಏಟನ್ನು ಅಳೆಯಬಲ್ಲುದು, ಅಭ್ಯಾಸದ ರುಚಿಯನ್ನು ಅಳೆಯಲಾರದು.

ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಬರುವ ಭರತ ಬಾಹುಬಲಿಯರ ಪ್ರಸಂಗವನ್ನು ತ್ಯಾಗದ ಕಥೆಯೆಂದೇ ಓದುವುದು ವಾಡಿಕೆ. ಅದು ಪಳಗಿದ ದೇಹದ ಕಥೆಯೂ ಹೌದು. ದೃಷ್ಟಿಯುದ್ಧ, ಜಲಯುದ್ಧಗಳಲ್ಲಿ ಗೆದ್ದ ಬಾಹುಬಲಿಯು ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿದನು. ಎತ್ತಿದ ಮೇಲೆ ಕೆಡಹುವುದು ಮಲ್ಲನ ತೋಳಿಗೆ ಉಸಿರಿನಷ್ಟೇ ಸಹಜ. ಆತನು ನೆಲಕ್ಕೆ ಅಪ್ಪಳಿಸಲಿಲ್ಲ. ವಿವೇಕವನ್ನು ಮೀರಿ ಓಡಿದ್ದು ಸೋತ ಭರತನ ಕೈ. ಅದು ಚಕ್ರರತ್ನವನ್ನೇ ತಮ್ಮನ ಮೇಲೆ ಬಿಟ್ಟಿತು.

ಸಭಾಭವನವನ್ನು ಕೊಡುವ ಟ್ರಸ್ಟಿನವರು ಶುಲ್ಕ, ಸಮಯಗಳ ವಿಚಾರದೊಡನೆ ಶಿಕ್ಷಕನನ್ನು ಇನ್ನೊಂದು ಮಾತು ಕೇಳಬಹುದು: ಎದುರಾಳಿಯ ಚೂರಿ ಕೆಳಗೆ ಬಿದ್ದ ಮೇಲೆ ಶಿಷ್ಯೆಯ ಕೈ ಎಲ್ಲಿ ನಿಲ್ಲಬೇಕು, ಹಾಗೆ ನಿಲ್ಲುವುದನ್ನು ಎಷ್ಟು ಬಾರಿ ಅಭ್ಯಾಸ ಮಾಡಿಸಲಾಗುತ್ತದೆ?