ಸಾಕು ಮತ್ತು ಬೇಕು

‘ನಿಮ್ಮೂರು ಕೊಡಗಾ? ಅಯ್ಯೋ, ನಾನೇನಾದ್ರೂ ಅಲ್ಲಿದ್ದಿದ್ರೆ ಇಷ್ಟೊತ್ತಿಗೆ ಒಂದು ಕಾದಂಬರಿ ಬರೆದು ಮುಗಿಸ್ತಿದ್ದೆ!’

ಬೆಂಗಳೂರಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರ ತಲೆಯಲ್ಲಿ ಒಂದು ಚಿತ್ರ ಇರುತ್ತೆ: ಮಂಜು, ಹೋಮ್‌ಸ್ಟೇ ಜಗಲಿ, ಕೈಯಲ್ಲಿ ಕಾಫಿ, ಎದುರಿಗೆ ಲ್ಯಾಪ್‌ಟಾಪ್. ಊರಲ್ಲೇ ಇರುವವರಿಗೆ ಈ ಚಿತ್ರ ಅಷ್ಟಾಗಿ ಪರಿಚಯವಿಲ್ಲ. ಹೂಮಳೆ ಸರಿಯಾಗಿ ಬಂತಾ, ಕಾಫಿ ಕುಯ್ಯೋಕೆ ಜನ ಸಿಕ್ಕಿದ್ರಾ, ರಾತ್ರಿ ಆನೆ ಯಾರ ಗದ್ದೆಗೆ ಇಳೀತು ಅನ್ನೋದು ಅವರ ಚಿಂತೆ.

ಈ ಮಾತಿನ ಹಿಂದೆ ಒಂದು ನಂಬಿಕೆ ಇದೆ. ಏನಾದರೂ ಸೃಷ್ಟಿಸಬೇಕಾದರೆ ದಿನನಿತ್ಯದ ಬದುಕಿನಿಂದ ಎದ್ದು ಹೋಗಬೇಕು. ಇರುವುದರಲ್ಲೇ ಖುಷಿಯಾಗಿದ್ದರೆ ಒಳಗಿನ ಕಿಚ್ಚು ಆರಿಹೋಗುತ್ತದೆ ಅಂತ. ನನಗೆ ಇದರ ಬಗ್ಗೆ ಅನುಮಾನ.

ನಡಿಕೇರಿಯಂಡ ಚಿಣ್ಣಪ್ಪ ಅವರನ್ನೇ ನೋಡಿ. ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡಿದವರು. ದುಡಿ ಬಾರಿಸುತ್ತಾ ಹಾಡುವ ಕೊಡವರ ಹಾಡುಗಳು, ಗಾದೆಗಳು, ಪದ್ಧತಿಗಳು ಹಿರಿಯರ ನೆನಪಲ್ಲಿ ಉಳಿದುಕೊಂಡು ಬಂದಂಥವು. ಅವನ್ನೆಲ್ಲ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದರು. ಮದುವೆ, ಸಾವು, ಹಬ್ಬ ಎಲ್ಲದಕ್ಕೂ ಅದರಲ್ಲಿ ಹಾಡಿದೆ. ಅಂದರೆ ಅವರಿಗೆ ಬೇಕಾಗಿದ್ದ ಸಾಮಗ್ರಿ ಇದ್ದದ್ದೇ ದಿನನಿತ್ಯದ ಬದುಕಿನೊಳಗೆ. ಅದನ್ನು ಬಿಟ್ಟು ಎದ್ದು ಹೋಗಿದ್ದರೆ ಕೈಗೆ ಏನು ಸಿಗುತ್ತಿತ್ತು?

ಇನ್ನು ಕೊಡಗಿನ ಗೌರಮ್ಮ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಮದುವೆಯಾಗಿ ಸುಂಟಿಕೊಪ್ಪದ ಕಡೆಯ ಕಾಫಿ ತೋಟದಲ್ಲಿ ಸಂಸಾರ ನಡೆಸಿದವರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಲೇಬೇಕು ಅಂತ ಉಪವಾಸ ಕೂತು ಕರೆಸಿಕೊಂಡು, ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಗಟ್ಟಿಗಿತ್ತಿ. ಕತೆಗಳನ್ನು ಬರೆದದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಅನ್ನೋ ಹೆಸರಲ್ಲಿ. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗಿನ್ನೂ 27 ವರ್ಷ. ‘ಕಂಬನಿ’, ‘ಚಿಗುರು’ ಸಂಕಲನಗಳು ಹೊರಬಂದದ್ದು ಆಮೇಲೆ. 2023ರಲ್ಲಿ ಮಡಿಕೇರಿಯವರೇ ಆದ ದೀಪಾ ಭಾಸ್ತಿ ಆ ಕತೆಗಳನ್ನು ಇಂಗ್ಲಿಷಿಗೆ ತಂದರು. ‘ನಿವೃತ್ತಿಯಾದ ಮೇಲೆ ಬರೀತೀನಿ’ ಅನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಹಾಗಂತ ಗೌರಮ್ಮನವರ ಉದಾಹರಣೆ ಕೊಟ್ಟು, ‘ನೋಡಮ್ಮಾ, ಮನೆಗೆಲಸ ಮುಗಿಸಿಯೂ ಬರೀಬಹುದು’ ಅಂತ ಯಾರಿಗೂ ಬುದ್ಧಿ ಹೇಳುವ ಹಾಗಿಲ್ಲ. ನಿಜವಾದ ಪ್ರಶ್ನೆ ಇರೋದೇ ಇಲ್ಲಿ. ನಾನು ಬಾಗಿಲು ಹಾಕಿಕೊಂಡು ಬರೆಯುವ ಆ ಎರಡು ಗಂಟೆ ಹೊತ್ತು ಮಗುವನ್ನು ನೋಡಿಕೊಳ್ಳೋರು ಯಾರು? ಕೆಲಸ ಬಿಟ್ಟು ಸಿನಿಮಾ ಮಾಡ್ತೀನಿ ಅಂದರೆ ಮನೆಯ ಇಎಂಐ ಯಾರ ಸಂಬಳದಿಂದ ಹೋಗುತ್ತೆ? ಹಂಬಲ ನನ್ನದು, ಬೆಲೆ ಕಟ್ಟೋರು ಇನ್ನೊಬ್ಬರು ಅನ್ನೋದಾದರೆ ಮೊದಲು ಅವರನ್ನು ಕೇಳಬೇಕು. ಅದೇ ರೀತಿ, ಮನೆಯ ನೆಮ್ಮದಿಗೋಸ್ಕರ ಪ್ರತಿ ಸಲ ಒಬ್ಬರೇ ತಮ್ಮ ಆಸೆ ಮಡಚಿಡುತ್ತಿದ್ದರೆ ಅದನ್ನು ತೃಪ್ತಿ ಅನ್ನೋಕಾಗಲ್ಲ. ಹೊಟ್ಟೆ ತುಂಬಿ ‘ಸಾಕು’ ಅನ್ನೋದೇ ಬೇರೆ, ಪಾತ್ರೆ ಖಾಲಿಯಾಗಿದೆ ಅಂತ ಗೊತ್ತಾಗಿ ‘ಸಾಕು’ ಅನ್ನೋದೇ ಬೇರೆ.

ನಮ್ಮ ಪುತ್ತರಿ ಹಬ್ಬದಲ್ಲಿ ಗದ್ದೆಯಿಂದ ಹೊಸ ಕದಿರು ಕೊಯ್ದು ಮನೆಗೆ ತರುವಾಗ ಎಲ್ಲರೂ ‘ಪೊಲಿ ಪೊಲಿ ದೇವಾ’ ಅಂತ ಕೂಗುತ್ತಾರೆ. ಹೆಚ್ಚಲಿ, ಹೆಚ್ಚಲಿ ಅಂತ. ಬೆಳೆ ಕೈಗೆ ಬಂದಿದೆ, ಮನೆಯವರೆಲ್ಲ ಸೇರಿದ್ದಾರೆ, ಸಂತೋಷಕ್ಕೆ ಏನೂ ಕಡಿಮೆ ಇಲ್ಲ. ಇನ್ನಷ್ಟು ಬೇಕು ಅಂತ ಕೇಳುವುದಕ್ಕೆ ಅದೇ ಗಳಿಗೆ! ಬಂದದ್ದರ ಬಗ್ಗೆ ದೂರಿಲ್ಲದೆಯೂ ಹೆಚ್ಚು ಬಯಸಬಹುದು ಅಂತ ಆ ಕೂಗನ್ನು ನಾನು ಅರ್ಥ ಮಾಡಿಕೊಂಡಿದ್ದೇನೆ. ಅತೃಪ್ತಿಯೇ ಕಲೆಯ ತಾಯಿ ಅನ್ನೋರಿಗೆ ನನ್ನ ಉತ್ತರ ಇಷ್ಟೇ. ಅಲ್ಲಿ ಕೂಗು ಒಬ್ಬರದ್ದಲ್ಲ, ಹೆಚ್ಚಾದದ್ದು ಬರುವುದೂ ಎಲ್ಲರ ಮನೆಗೆ ಅನ್ನೋದನ್ನೂ ಮರೆಯಬಾರದು.

ಆದ್ದರಿಂದ ಕಾದಂಬರಿ ಬರೆಯೋಕೆ ಕೊಡಗಿಗೇ ಬರಬೇಕು ಅಂತಿಲ್ಲ. ಬಂದರೆ ಸಂತೋಷ, ಕಾಫಿ ಕುಡಿದು ಹೋಗಿ. ಬರೆಯೋದಕ್ಕೆ ಮಾತ್ರ ಮಂಗಳವಾರ ರಾತ್ರಿ ಅರ್ಧ ಗಂಟೆ ಸಿಗುತ್ತಾ ಅಂತ ಮನೆಯವರ ಜತೆ ಕೂತು ಮಾತಾಡಿ. ಬುಧವಾರ ರಾತ್ರಿ ಅವರಿಗೆ ಬಿಟ್ಟುಕೊಡಿ.