ಹೊತ್ತು ಗೊತ್ತು

ಬೆಳಗಿನ ಜಾವ ಐದಕ್ಕೆ ಬಸ್ಸು. ಅಮ್ಮ ಮೂರೂವರೆಗೇ ಎದ್ದು, ಶಾಲು ಹೊದ್ದು, ಮಂಕಿಟೋಪಿ ಹಾಕಿಕೊಂಡು, ಬೂಟಿನ ದಾರ ಕಟ್ಟಲು ನನ್ನನ್ನು ಕಾಯುತ್ತ ಬಾಗಿಲ ಬಳಿ ಕೂತಿದ್ದಳು. ಜಪಾನಿನ ತ್ಸುಕುಬಾದಲ್ಲಿ ಫೆಬ್ರವರಿ, ಹೊರಗೆ ನಿಲ್ಲಿಸಿದ ಕಾರುಗಳ ಗಾಜೆಲ್ಲ ಬೆಳ್ಳಗೆ ಮುಚ್ಚಿಹೋಗಿತ್ತು. "ಇನ್ನೂ ಗಂಟೆ ಮೇಲಿದೆಯಲ್ಲಮ್ಮ" ಎಂದೆ. "ಲಾಂಚು ಕಾಯ್ತದೇನೆ?" ಎಂದಳು.

ಆ ಮಾತಿನ ಹಿಂದೆ ಒಂದು ಹೊಳೆಯಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಶರಾವತಿ ತುಂಬಿಕೊಂಡಾಗ ಅಮ್ಮನಿಗೆ ಹನ್ನೆರಡು ವರ್ಷ. ಅವಳ ಸೋದರಮಾವನ ಮನೆ, ಅಂಗಳದ ತುಳಸಿಕಟ್ಟೆ, ಗದ್ದೆ, ಎಲ್ಲ ನೀರಿನಡಿಗೆ ಹೋದವು. ಉಳಿದ ನೆಂಟರು ತುಮರಿಯ ಕಡೆ, ಹಿನ್ನೀರಿನ ಆಚೆ ದಡದಲ್ಲಿ ಉಳಿದರು. ಮದುವೆಯಾಗಿ ತಾಳಗುಪ್ಪದ ಕಡೆಗೆ ಬಂದ ಅಮ್ಮನಿಗೆ ಆಮೇಲಿನ ಬಾಣಂತನ, ಬೊಜ್ಜ, ಉಪನಯನಗಳೆಲ್ಲ ಹೊಳೆಬಾಗಿಲಿನ ಲಾಂಚಿನ ಸಮಯಕ್ಕೆ ಕಟ್ಟಿಬಿದ್ದವು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ರಾತ್ರಿಯೆಲ್ಲ ದಡದಲ್ಲೇ ಕಳೆಯಬೇಕಿತ್ತು. ಹಾಗಾಗಿ ವೇಳಾಪಟ್ಟಿಯ ಬಗ್ಗೆ ಅವಳಿಗೆ ತಾತ್ಸಾರ ಇಲ್ಲ.

ನನಗಿತ್ತು. ಹಿಗಾಎರಿ ಎನ್ನುತ್ತಾರೆ ಇಲ್ಲಿ, ಹೋದ ದಿನವೇ ಮರಳುವ ಪ್ರವಾಸಕ್ಕೆ. ಬಾವುಟ ಹಿಡಿದ ಗೈಡು, ಅವರ ಹಿಂದೆ ಸಾಲು, ಇಳಿಯುವಾಗೊಮ್ಮೆ ಹತ್ತುವಾಗೊಮ್ಮೆ ತಲೆ ಎಣಿಕೆ. ಕೈಗೆ ಕೊಟ್ಟ ಹಾಳೆಯಲ್ಲಿ ನಿಮಿಷಗಳ ಲೆಕ್ಕ: ಹೊಳೆಗೆ ಇಪ್ಪತ್ತೈದು, ಜಲಪಾತಕ್ಕೆ ಎಪ್ಪತ್ತು, ಶೌಚಕ್ಕೆ ಹದಿನೈದು. ಬೆರಗಿಗೂ ಶೌಚಕ್ಕೂ ಒಂದೇ ಕೋಷ್ಟಕವೇ ಎಂದು ಮನಸ್ಸಿನಲ್ಲೇ ನಕ್ಕಿದ್ದೆ. ಅಮ್ಮನ ಮಂಡಿನೋವಿಗೆ ರೈಲು ಬದಲಿಸುವ ಪ್ರಯಾಣ ಆಗದು, ನನಗೆ ಕಾರು ಓಡಿಸಲು ಬಾರದು. ಅದಕ್ಕಾಗಿ ಈ ಬಸ್ಸು. ಇಲ್ಲವಾದರೆ ಬೆರಗು ಹೀಗೆ ಟಿಕೆಟ್ ಕೊಂಡು ಸಿಗುವಂಥದ್ದಲ್ಲ, ದಾರಿ ತಪ್ಪಿದವರಿಗೆ ತಾನಾಗಿ ಎದುರಾಗುವಂಥದ್ದು ಎಂಬ ನಂಬಿಕೆ ನನ್ನದು. ಓದಿದವರಿಗೆಲ್ಲ ಇರುವ ನಂಬಿಕೆ ಅದು. ದಾರಿ ತಪ್ಪಿ ನಾನು ಕಂಡದ್ದು ಎಷ್ಟು ಎಂದು ಮಾತ್ರ ಯಾವತ್ತೂ ಲೆಕ್ಕ ಹಾಕಿರಲಿಲ್ಲ.

ಬಸ್ಸು ಕತ್ತಲಲ್ಲೇ ಉತ್ತರಕ್ಕೆ ಓಡಿತು. ಇಬಾರಾಕಿ ಪ್ರಾಂತ್ಯದ ತೆಂಕಣ ಬಯಲಿನಲ್ಲಿ ತ್ಸುಕುಬಾ, ಬಡಗಣ ಗುಡ್ಡಗಳ ನಡುವೆ ದಾಯ್‌ಗೋ ಎಂಬ ಸಣ್ಣ ಪಟ್ಟಣ. ನಡುವೆ ಎರಡು ಗಂಟೆಯ ಹಾದಿ. ಗೈಡು ಅರವತ್ತು ದಾಟಿದ ಹೆಂಗಸು, ಹುಟ್ಟಿ ಬೆಳೆದದ್ದು ದಾಯ್‌ಗೋದ ಕಡೆಯೇ. ಅಮ್ಮ ಅವರಿಗೆ ಆಗಲೇ 'ಬಾವುಟದಕ್ಕ' ಎಂದು ಹೆಸರಿಟ್ಟಾಗಿತ್ತು. ಬಾವುಟದಕ್ಕ ಮೈಕು ಹಿಡಿದು ಹೇಳಿದ್ದಿಷ್ಟು: ನಿನ್ನೆ ರಾತ್ರಿ ಊರಿನವರಿಗೆ ಫೋನು ಮಾಡಿ ಕೇಳಿದ್ದೇನೆ, ಆಕಾಶದಲ್ಲಿ ಮೋಡವಿಲ್ಲವಂತೆ. ಮೋಡವಿಲ್ಲದಿದ್ದರೆ ಒಳ್ಳೆಯದು. ಆದರೂ ಮಾತು ಕೊಡಲಾರೆ.

ಏನಕ್ಕೆ ಒಳ್ಳೆಯದೆಂದು ತಿಳಿದದ್ದು ಕುಜಿ ಹೊಳೆಯ ಸೇತುವೆಯ ಮೇಲೆ ಇಳಿದಾಗ. ಏಳೂವರೆ ಆಗಿರಬೇಕು. ಗುಡ್ಡದ ತುದಿಗೆ ಮಾತ್ರ ಬಿಸಿಲು ತಾಕಿತ್ತು, ಹೊಳೆ ಇನ್ನೂ ನೆರಳಿನಲ್ಲಿತ್ತು. ಮೊದಲು ನನಗೆ ಕಂಡದ್ದು ನೊರೆ. ಮೇಲೆ ಯಾವುದೋ ಕಾರ್ಖಾನೆಯ ಕೊಳೆ ಇರಬೇಕು ಅಂದುಕೊಂಡೆ (ಬೆಂಗಳೂರಿನ ಬೆಳ್ಳಂದೂರು ಕೆರೆ ನೋಡಿದ ಕಣ್ಣು). ನೊರೆಯಲ್ಲ, ಹಿಮ. ಬೆಳ್ಳನೆಯ ತೇಪೆತೇಪೆಯಾಗಿ, ಒಂದಕ್ಕೊಂದು ಉಜ್ಜುತ್ತ, ತಿರುಗುತ್ತ, ಇಡೀ ಹೊಳೆಯ ಅಗಲಕ್ಕೂ ಹರಿದು ಬರುತ್ತಿತ್ತು. ಇಲ್ಲಿಯವರು ಇದನ್ನು ಶಿಗಾ ಎನ್ನುತ್ತಾರೆ.

ಕೆರೆಯ ನೀರು ಮೇಲಿನಿಂದ ಹೆಪ್ಪುಗಟ್ಟುತ್ತ ಬರುತ್ತದೆ. ಓಡುವ ಹೊಳೆಗೆ ಆ ಪುರುಸೊತ್ತಿಲ್ಲ. ಮೋಡದ ಹೊದಿಕೆಯಿಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಸೋರಿಹೋಗುತ್ತದೆ. ಹೊಳೆಯ ನೀರು ಸೊನ್ನೆ ಡಿಗ್ರಿಗಿಂತ ಕೂದಲೆಳೆಯಷ್ಟು ಕೆಳಗಿಳಿದಾಗ, ಮಗುಚಿ ಮಗುಚಿ ಹರಿಯುವ ಆ ನೀರಿನೊಳಗೇ ಸಣ್ಣ ಹರಳುಗಳು ಹುಟ್ಟಿ ತಳದ ಕಲ್ಲುಗಳಿಗೆ ಅಂಟಿಕೊಳ್ಳುತ್ತವೆ. ಬೆಳಗಾಗಿ ನೀರು ತುಸು ಬೆಚ್ಚಗಾದರೆ ಹಿಡಿತ ಬಿಟ್ಟು, ಗುಂಪುಗುಂಪಾಗಿ ಮೇಲೆದ್ದು, ತೇಲಿ ಹೋಗುತ್ತವೆ. ಬಿಸಿಲು ಬಲಿತ ಮೇಲೆ ಬಂದವರಿಗೆ ಕಾಣುವುದು ಬರೀ ಹೊಳೆ.

ಐದು ಗಂಟೆಯ ಬಸ್ಸು ಯಾಕೆಂದು ಆಗ ಅರ್ಥವಾಯಿತು. ವೇಳಾಪಟ್ಟಿ ಪ್ರವಾಸದವರದ್ದಲ್ಲ, ಹೊಳೆಯದ್ದು. ಬಾವುಟದಕ್ಕ ಅದನ್ನು ನಕಲು ಮಾಡಿಕೊಂಡಿದ್ದರು, ಅಷ್ಟೆ.

ಕನ್ನಡದಲ್ಲಿ ಹೊತ್ತು ಗೊತ್ತು ಎಂದು ಜೋಡಿಯಾಗಿಯೇ ಹೇಳುತ್ತೇವೆ. ಹೊತ್ತುಗೊತ್ತಿಲ್ಲದೆ ಬಂದ, ಹೊತ್ತುಗೊತ್ತಿಲ್ಲದೆ ತಿಂದ ಎಂದು ಬೈಯುವುದಕ್ಕೇ ಹೆಚ್ಚು ಬಳಸುವುದು. ಗೊತ್ತು ಎಂದರೆ ತಿಳಿದದ್ದು; ಗೊತ್ತುಮಾಡುವುದು ಎಂದರೆ ಇಂಥ ದಿನ, ಇಂಥ ಕಡೆ ಎಂದು ನಿಗದಿ ಮಾಡುವುದು. ತಿಳಿಯುವುದಕ್ಕೂ ನಿಗದಿಯಾಗುವುದಕ್ಕೂ ನಮ್ಮ ಹಿರೀಕರಿಗೆ ಒಂದೇ ಪದ ಸಾಕಾಗಿತ್ತಲ್ಲ ಎಂದು ಆ ಸೇತುವೆಯ ಮೇಲೆ ನಿಂತಾಗ ಸೋಜಿಗವೆನಿಸಿತು. ಅಣಬೆ ಏಳುವ ದಿನ ಗೊತ್ತಿರುವವರು, ಹತ್ತುಮೀನು ಗದ್ದೆಗೆ ಏರುವ ರಾತ್ರಿ ಗೊತ್ತಿರುವವರು ಮಲೆನಾಡಿನಲ್ಲಿ ಈಗಲೂ ಇದ್ದಾರೆ. ಅವರನ್ನು ನಾವು ಗೈಡು ಎನ್ನುವುದಿಲ್ಲ, ಕೈಗೆ ಬಾವುಟ ಕೊಟ್ಟಿಲ್ಲ. ಮಾಡುವ ಕೆಲಸ ಮಾತ್ರ ಇದೇ.

ಅಮ್ಮ ಕಟಕಟೆಗೆ ಒರಗಿ ಬಹಳ ಹೊತ್ತು ನೋಡಿದಳು. "ಮೇಲೆ ಯಾರೋ ಕಾಯಿ ತುರಿದು ತುರಿದು ಹೊಳೆಗೆ ಬಿಡ್ತಾ ಕೂತಂಗಿದೆ" ಎಂದಳು. ಆಮೇಲೆ ಕಿವಿಗೆ ಕೈ ಹಚ್ಚಿದಳು. ಆಗ ನನಗೂ ಕೇಳಿಸಿತು. ಹರಳುಗಳು ಒಂದಕ್ಕೊಂದು ತಾಗುವ ಸಪ್ಪಳ, ಒಣಗಿದ ಅಡಿಕೆ ಸೋಗೆಯನ್ನು ಅಂಗಳದಲ್ಲಿ ಎಳೆದೊಯ್ದ ಹಾಗೆ. ಪಕ್ಕಕ್ಕೆ ಬಂದ ಬಾವುಟದಕ್ಕ ನೀರಿನ ಕಡೆ ಬೆರಳು ತೋರಿಸಿ, "ಸಾರಾ ಸಾರಾ" ಎಂದರು. ಜಪಾನೀ ಭಾಷೆಯಲ್ಲಿ ತಿಳಿನೀರು ಹರಿಯುವ, ಎಲೆಗಳು ಉಜ್ಜಿಕೊಳ್ಳುವ ಸದ್ದಿಗೆ ಅದೇ ಅನುಕರಣ ಪದ. ಅಮ್ಮ ತಿರುಗಿ, ಏನೂ ವಿಶೇಷ ನಡೆದಿಲ್ಲವೆಂಬಂತೆ, "ಹೌದೌದು, ಸರಸರ" ಎಂದಳು. ಒಬ್ಬರಿಗೊಬ್ಬರ ಭಾಷೆಯ ಒಂದಕ್ಷರವೂ ಬಾರದ ಇಬ್ಬರು ಹೆಂಗಸರು ಸ್ವಲ್ಪ ಹೊತ್ತು ಸರಸರ, ಸಾರಾ ಸಾರಾ ಎಂದು ಮಾತಾಡಿಕೊಂಡರು. ನಾನು ದುಭಾಷಿಯಾಗಿ ಬಂದವಳು. ಆ ಇಪ್ಪತ್ತೈದು ನಿಮಿಷದಲ್ಲಿ ನನಗೆ ಕೆಲಸವಿರಲಿಲ್ಲ.

ಜಲಪಾತಕ್ಕೆ ಹೋಗುವ ದಾರಿ 276 ಮೀಟರ್ ಉದ್ದದ ಸುರಂಗ. ಫುಕುರೋದಾ ಜಲಪಾತ ಇರುವುದು 120 ಮೀಟರ್ ಎತ್ತರ, 73 ಮೀಟರ್ ಅಗಲ. ಜೋಗ 253 ಮೀಟರ್. ಈ ಲೆಕ್ಕ ಅಮ್ಮನಿಗೆ ಹೇಳಬಾರದಿತ್ತು. "ಹಾಗಾದ್ರೆ ಅರ್ಧ" ಎಂದು ಊರಿನ ಮಾನ ಉಳಿಸಿಕೊಂಡು ಸುರಂಗ ಹೊಕ್ಕಳು. ಹೊರಬಿದ್ದಾಗ ಎದುರಿಗೆ ನಾಲ್ಕು ಹಂತದ ಕಪ್ಪು ಬಂಡೆ, ಅದರ ಮೇಲೆ ಮುಕ್ಕಾಲು ಪಾಲು ಹೆಪ್ಪುಗಟ್ಟಿ ನಿಂತ ನೀರು. ಪೂರ್ತಿ ಹೆಪ್ಪುಗಟ್ಟುವುದು ಈಚಿನ ವರ್ಷಗಳಲ್ಲಿ ಅಪರೂಪ. ಬೆಳ್ಳಗೆ, ಅಲ್ಲಲ್ಲಿ ತೆಳು ನೀಲಿ. ಬೀಳಬೇಕೆಂದು ಹೊರಟು, ಬೀಳುತ್ತಲೇ ಮನಸ್ಸು ಬದಲಿಸಿದ ಹಾಗೆ. ಅಮ್ಮ ಉಣ್ಣೆಯ ಕೈಗವಸಿನ ದಪ್ಪ ಬೆರಳನ್ನು ಮೂಗಿನ ಮೇಲಿಟ್ಟಳು. "ಎಂಥದೇ ಇದು! ನಿಂತೇಬಿಟ್ಟಿದೆಯಲ್ಲೆ. ಸದ್ದೆಲ್ಲಿ ಹೋಯ್ತು?"

ಜಲಪಾತವೆಂದರೆ ಅವಳಿಗೆ ಮೊದಲು ಸದ್ದು. ಮಳೆಗಾಲದ ರಾತ್ರಿ ಅಜ್ಜನ ಮನೆಯ ಜಗಲಿಯಲ್ಲಿ ಮಲಗಿದರೆ ಜೋಗದ ಮೊರೆತ ಕೇಳುತ್ತಿತ್ತೆಂದು ಎಷ್ಟೋ ಸಲ ಹೇಳಿದ್ದಾಳೆ. ನಿಂತ ಜಲಪಾತವನ್ನು ಅವಳು ಮೊದಲೂ ನೋಡಿದವಳೇ. ಲಿಂಗನಮಕ್ಕಿ ಕಟ್ಟಿದ ಮೇಲೆ ಬೇಸಿಗೆಯಲ್ಲಿ ಜೋಗಕ್ಕೆ ಹೋದರೆ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಹೆಸರುಗಳೂ ಬಂಡೆಯೂ ಇರುತ್ತವೆ, ನೀರು ನೂಲಿನಷ್ಟು. ಅಲ್ಲಿ ನೀರನ್ನು ನಿಲ್ಲಿಸಿದ್ದು ಗೇಟು, ಇಲ್ಲಿ ಚಳಿ. ಅಲ್ಲಿ ನಿಂತಾಗ ಬೋಳು ಬಂಡೆ ಕಾಣುತ್ತದೆ, ಇಲ್ಲಿ ನಿಂತ ನೀರೇ ಕಾಣುತ್ತದೆ. ನನಗೆ ಹೊಳೆದ ಈ ವ್ಯತ್ಯಾಸವನ್ನು ಅಮ್ಮನಿಗೆ ಹೇಳಹೊರಟು ಸುಮ್ಮನಾದೆ. ಅವಳು ಆಗಲೇ ಕಟಕಟೆಯಾಚೆ ತಲೆ ಚಾಚಿ, ಹಿಮದ ಹಾಳೆಯ ಹಿಂದೆ ಎಲ್ಲೋ ಇಳಿಯುತ್ತಿದ್ದ ನೀರಿನ ಸಣ್ಣ ಗುಳುಗುಳು ಸದ್ದನ್ನು ಹುಡುಕುತ್ತಿದ್ದಳು.

ಬಂಡೆಯ ಕಥೆಯನ್ನು ಬಾವುಟದಕ್ಕ ಬೆರಳು ತೋರಿಸಿ ಹೇಳಿದರು. ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಜ್ವಾಲಾಮುಖಿ ಬಾಯಿಬಿಟ್ಟು, ಉಕ್ಕಿದ ಲಾವಾ ತಣ್ಣೀರಿಗೆ ಬಿದ್ದು ಚೂರುಚೂರಾಗಿ, ಆ ಚೂರುಗಳೇ ಬೆಸೆದು ಗಟ್ಟಿಯಾದದ್ದು ಈ ಕಪ್ಪು ಗೋಡೆ. ಸುತ್ತಲಿನ ಮೆತ್ತಗಿನ ಕಲ್ಲು ಸವೆದುಹೋಯಿತು, ಇದು ಉಳಿಯಿತು, ಅದಕ್ಕೇ ಜಲಪಾತ. ಬೆಂಕಿ ಹಾಸಿದ ಮೆಟ್ಟಿಲ ಮೇಲೆ ಹಿಮ ಕೂತಿತ್ತು.

ಅದನ್ನು ಕೇಳುವಾಗ ನನಗೆ ಮಲ್ಪೆ ನೆನಪಾಯಿತು. ಏಳನೆಯ ತರಗತಿಯಲ್ಲಿ ಸಾಗರದಿಂದ ಉಡುಪಿಗೆ ಶಾಲಾ ಪ್ರವಾಸ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಕರೆದೊಯ್ದು, ಒಂದು ತಾಸು ಬಿಟ್ಟಿದ್ದೇವೆ, ಎಲ್ಲಿಗಾದರೂ ಹೋಗಿ, ನೀರಿಗಿಳಿಯಬೇಡಿ ಎಂದರು ಮೇಷ್ಟ್ರು. ಪೂರ್ತಿ ಸ್ವಾತಂತ್ರ್ಯ. ನಾನು ಆ ತಾಸೆಲ್ಲ ಚಿಪ್ಪು ಹೆಕ್ಕಿದೆ. ಕೂತು ಚಕ್ಕುಲಿ ತಿಂದ ಕಲ್ಲು ಆರು ಮುಖದ ಕಂಬ ಎನ್ನುವುದು ಕಣ್ಣಿಗೆ ಬಿದ್ದಿತ್ತೋ ಏನೋ, ಮನಸ್ಸಿಗೆ ಬಿದ್ದಿರಲಿಲ್ಲ. ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬಿರಿದು ದೂರವಾಗುತ್ತಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣ್ಣಗಾಗುತ್ತ ಕುಗ್ಗಿ ಬಿರುಕುಬಿಟ್ಟು ನಿಂತ ಕಂಬಗಳವು. ಅದನ್ನು ನಾನು ಓದಿ ತಿಳಿದದ್ದು ಇಪ್ಪತ್ತು ವರ್ಷದ ಮೇಲೆ, ಸಮುದ್ರದಾಚೆ ಕೂತು. ಅಂದು ಅಲ್ಲಿ ಯಾರಾದರೂ ಒಂದು ಬೆರಳು ತೋರಿಸಿದ್ದರೆ!

ಜಪಾನಿನವರಿಗೂ ಹೀಗೆ ಆಗಿದೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ತಾತೆಯಾಮ ಪರ್ವತಸಾಲಿನ ಕಣಿವೆಗಳಲ್ಲಿ ಬೇಸಿಗೆಗೂ ಕರಗದ ಹಿಮವನ್ನು ಚಾರಣಿಗರು ತಲೆಮಾರುಗಟ್ಟಲೆ ನೋಡುತ್ತಲೇ ಬಂದಿದ್ದರು. ದೇಶದಲ್ಲಿ ಹಿಮನದಿ ಇಲ್ಲ, ಇದು ಬರೀ ಉಳಿದ ಹಿಮ ಎಂದೇ ತಿಳುವಳಿಕೆ. ಹಿಮನದಿ ಎನಿಸಿಕೊಳ್ಳಲು ಅದು ಚಲಿಸಬೇಕು. ಕೊನೆಗೆ ಕೋಲು ನೆಟ್ಟು, ಜಿಪಿಎಸ್ ಇಟ್ಟು ಅಳೆದರೆ, ಅಡಿಯ ಮಂಜುಗಡ್ಡೆ ತಿಂಗಳಿಗೆ ಗೇಣಿನ ಲೆಕ್ಕದಲ್ಲಿ ಕೆಳಗೆ ಜಾರುತ್ತಿದೆ! 2012ರಲ್ಲಿ ಅಲ್ಲಿನ ಮೂರನ್ನು ಹಿಮನದಿಗಳೆಂದು ಒಪ್ಪಿಕೊಂಡರು, ಆಮೇಲೆ ಇನ್ನೂ ಕೆಲವು ಸೇರಿದವು. ಎಲ್ಲರ ಕಣ್ಣೆದುರೇ ಇದ್ದು, ಎಲ್ಲರಿಗೂ ನಿಂತಂತೆಯೇ ಕಂಡ ನದಿಗಳು.

ಫುಕುರೋದಾಕ್ಕೆ ಇನ್ನೊಂದು ಹೆಸರಿದೆ, ಯೋದೋ ನೋ ತಾಕಿ. ನಾಲ್ಕು ಸಲದ ಜಲಪಾತ ಎಂದು ಅರ್ಥ. ನಾಲ್ಕು ಹಂತದಲ್ಲಿ ಇಳಿಯುವುದರಿಂದ ಆ ಹೆಸರು ಎನ್ನುವವರಿದ್ದಾರೆ. ಹನ್ನೆರಡನೆಯ ಶತಮಾನದ ಸನ್ಯಾಸಿ ಕವಿ ಸೈಗ್ಯೋ ಇಲ್ಲಿಗೆ ಬಂದು, ಋತುವಿಗೊಮ್ಮೆಯಂತೆ ನಾಲ್ಕು ಸಲ ಬಾರದಿದ್ದರೆ ಇದರ ಸೊಗಸು ದಕ್ಕದು ಎಂದನಂತೆ ಎನ್ನುವವರೂ ಇದ್ದಾರೆ. ಎರಡನೆಯದೇ ನನಗಿಷ್ಟ. 1992ರ 'ಜೀವನ ಚೈತ್ರ'ದಲ್ಲಿ ರಾಜ್‌ಕುಮಾರ್ ಹಾಡಿದ ಜೋಗದ ಹಾಡನ್ನು ಕೇಳಿ ಬೆಳೆದ ನಮಗೆ ಜಲಪಾತವೆಂದರೆ ಜನ್ಮದಲ್ಲಿ ಒಮ್ಮೆ ತೀರಿಸಬೇಕಾದ ಹರಕೆ. ಇವರಿಗೆ ಅದು ವರ್ಷಕ್ಕೆ ನಾಲ್ಕು ಸಲ ವಿಚಾರಿಸಿಕೊಂಡು ಬರಬೇಕಾದ ನೆಂಟರ ಮನೆ. ಎಪ್ಪತ್ತಮೂರರ ಅಮ್ಮ ವೀಸಾ ಮುಗಿದು ಏಪ್ರಿಲಿಗೆ ಮರಳುತ್ತಾಳೆ. ಅವಳ ಪಾಲಿಗೆ ಇದು ನಾಲ್ಕರಲ್ಲಿ ಒಂದು. ಹಾಗೆ ನೋಡಿದರೆ ಸೈಗ್ಯೋನಂಥವನು ಬಾವುಟದಕ್ಕನಿಗಿಂತ ಕಟ್ಟುನಿಟ್ಟಿನ ಗೈಡು.

ಮಧ್ಯಾಹ್ನ ಕಡ್ಡಿಗೆ ಚುಚ್ಚಿದ ಬಿಸಿ ಕೊನ್ಯಾಕು ಕೊಟ್ಟರು, ಮೇಲೆ ಸಿಹಿ ಮಿಸೋ ಸವರಿ. ಮೀನು ಸೇರಿದೆಯೇ ಎಂದು ಎರಡು ಸಲ ಕೇಳಿ, ಇಲ್ಲವೆಂದ ಮೇಲೆ ಅಮ್ಮ ತಿಂದಳು. ದಾಯ್‌ಗೋದ ಗುಡ್ಡಗಳಲ್ಲಿ ಬೆಳೆಯುವ ಆ ಗೆಡ್ಡೆ ನಮ್ಮ ಸುವರ್ಣಗೆಡ್ಡೆಯ ದಾಯಾದಿ ಎಂದೆ. ಅಗಿಯುವುದನ್ನು ನಿಲ್ಲಿಸಿ, ನಾಲಿಗೆ ತುರಿಸುತ್ತದೆಯೇ ಎಂದು ಒಂದು ಗಳಿಗೆ ಪರೀಕ್ಷಿಸಿದಳು. "ತುರಿಕೆ ತೆಗೆಯೋದು ಇವರಿಗೆ ಗೊತ್ತಿದೆ" ಎಂದು ಪ್ರಮಾಣಪತ್ರ ಕೊಟ್ಟಳು. ಜಲಪಾತಕ್ಕೂ ಇಷ್ಟು ಒಳ್ಳೆಯ ಪ್ರಮಾಣಪತ್ರ ಸಿಕ್ಕಿರಲಿಲ್ಲ.

ಮರಳುವಾಗ ಬಯಲಿನಾಚೆ ತ್ಸುಕುಬಾ ಬೆಟ್ಟದ ಜೋಡಿ ಶಿಖರ ಕಂಡಿತು. ಎತ್ತರ 877 ಮೀಟರ್, ಕೊಡಚಾದ್ರಿಗಿಂತ ಗಿಡ್ಡ. ಬಯಲಿನ ನಡುವೆ ಒಂಟಿಯಾಗಿ ಎದ್ದಿರುವ ಅದನ್ನು ನಾನು ಮೊದಲ ವರ್ಷವೆಲ್ಲ ಆರಿದ ಜ್ವಾಲಾಮುಖಿ ಎಂದೇ ಭಾವಿಸಿ, ಊರಿನವರಿಗೆಲ್ಲ ಫೋಟೋ ಕಳಿಸಿ ಹಾಗೆಯೇ ಹೇಳಿದ್ದೆ. ಅದು ನೆಲದಾಳದಲ್ಲೇ ತಣಿದು ಗಟ್ಟಿಯಾದ ಶಿಲೆ, ಎಂದೂ ಬೆಂಕಿ ಉಗುಳಿದ್ದಲ್ಲ ಎಂದು ತಿಳಿದದ್ದು ಇಲ್ಲಿನ ಭೂವಿಜ್ಞಾನ ಸಂಗ್ರಹಾಲಯಕ್ಕೆ ಹೋದಾಗ. ಇದೇ ಊರಿನ ಪ್ರಯೋಗಾಲಯವೊಂದರಲ್ಲಿ ಇಟರ್ಬಿಯಂ ಪರಮಾಣುಗಳನ್ನು ಲೇಸರ್ ಬೆಳಕಿನ ಜಾಲರಿಯಲ್ಲಿ ಹಿಡಿದಿಟ್ಟು ಹೊತ್ತನ್ನು ಅಳೆಯುವ ಗಡಿಯಾರವಿದೆ. ಜಗತ್ತಿನ ಪರಮಾಣು ಕಾಲಕ್ಕೆ ಅದೂ ಲೆಕ್ಕ ಒಪ್ಪಿಸುತ್ತದೆ. ಶಿಗಾ ತೇಲಿಬರುವ ಹೊತ್ತು ತಿಳಿಯಲು ಮಾತ್ರ ಬಾವುಟದಕ್ಕ ಊರಿಗೆ ಫೋನು ಮಾಡಲೇಬೇಕು.

ರಾತ್ರಿ ಏಳೂವರೆಗೆ ಅಮ್ಮ ಸಾಗರದ ಚಿಕ್ಕಮ್ಮನಿಗೆ ಫೋನು ಹಚ್ಚಿದಳು. ಅಲ್ಲಿನ್ನೂ ನಾಲ್ಕು ಗಂಟೆ, ಕಾಫಿಯ ಹೊತ್ತು. ಬಸ್ಸು ಐದಕ್ಕೆ ಅಂದರೆ ಐದಕ್ಕೇ ಬಿಟ್ಟದ್ದು, ಬಾವುಟ, ತಲೆ ಎಣಿಸಿದ್ದು, ತುರಿಕೆಯಿಲ್ಲದ ಗೆಡ್ಡೆ, ಎಲ್ಲ ಆಯಿತು. ಜಲಪಾತ ಜೋಗದ ಅರ್ಧ ಎನ್ನುವುದೂ ಆಯಿತು. ಹೊಳೆಯ ವಿಷಯಕ್ಕೆ ಬಂದಾಗ ಮಾತು ತಡವರಿಸಿತು. ಸ್ವಲ್ಪ ಸುಮ್ಮನಿದ್ದು, ಫೋನಿಗೆ ಬಾಯಿ ಹತ್ತಿರ ತಂದು, ಮೆಲ್ಲಗೆ, "ಸರಸರ, ಸರಸರ" ಎಂದಳು.

"ಅಯ್ಯೋ, ಹಾವೇನೇ?" ಎಂದಳು ಚಿಕ್ಕಮ್ಮ ಆ ಕಡೆಯಿಂದ.

"ಅಲ್ಲ ಮಾರಾಯ್ತಿ," ಅಮ್ಮನಿಗೆ ನಗು ತಡೆಯಲಾಗಲಿಲ್ಲ, "ಹೊಳೆ."