ಮೊದಲ ಸಾಲಿನ ಮುಖಗಳು

ಮೆಚ್ಚಿನ ಗಾಯಕನ ಹಾಡನ್ನು ಚೆನ್ನಾಗಿ ಕೇಳಿಸಿಕೊಳ್ಳಬೇಕು ಎನ್ನುವವರು ಮೊದಲ ಸಾಲಿಗೆ ಹೋಗಬಾರದು. ದೊಡ್ಡ ಬಯಲಿನ ಕಾನ್ಸರ್ಟುಗಳಲ್ಲಿ ಮುಖ್ಯ ಸ್ಪೀಕರುಗಳು ವೇದಿಕೆಯ ಎಡಬಲದಲ್ಲಿ, ಎತ್ತರದಲ್ಲಿ ತೂಗುತ್ತಿರುತ್ತವೆ. ಅವುಗಳ ದನಿ ಮುಂದಿನವರ ತಲೆಯ ಮೇಲಿಂದ ಹಾದು ಹೋಗುತ್ತದೆ. ಆ ಕೊರತೆ ತುಂಬಲು ವೇದಿಕೆಯ ಅಂಚಿನಲ್ಲಿ ಸಣ್ಣ ಸ್ಪೀಕರುಗಳನ್ನು ಇಟ್ಟಿರುತ್ತಾರೆ, ನಿಜ. ಆದರೆ ಕಂಠ, ಗಿಟಾರು, ಡ್ರಮ್ಮುಗಳನ್ನು ಹದಕ್ಕೆ ತರುವ ಮಿಕ್ಸರ್ ಮೇಜು ಇರುವುದು ಬಹಳ ಹಿಂದೆ, ಜನರ ನಡುವೆ. ಹಾಡು ಸರಿಯಾಗಿ ಕೇಳುವುದು ಅಲ್ಲಿ. ಆದರೂ ಜನ ಬೆಳಗ್ಗೆಯೇ ಬಂದು, ಬಿಸಿಲಲ್ಲಿ ಕಾದು, ಗೇಟು ತೆರೆದ ಕೂಡಲೇ ಓಡಿ ಮುಂದಿನ ಕಂಬಿಗೆ ಆತುಕೊಳ್ಳುತ್ತಾರೆ.

ಹತ್ತಿರದಿಂದ ನೋಡಲು ಎನ್ನಬಹುದು. ಈಗಿನ ಪರದೆಗಳು ಗಾಯಕನ ಹಣೆಯ ಬೆವರನ್ನೂ ಕೊನೆಯ ಸಾಲಿಗೆ ತಲುಪಿಸುತ್ತವೆ. ನನಗನ್ನಿಸುವುದು, ಅಲ್ಲಿಗೆ ಓಡುವವರು ಅವನ ಕಣ್ಣಿಗೆ ಬೀಳಲು ಓಡುತ್ತಾರೆ. ಕೆಟ್ಟ ರಾತ್ರಿಗಳಲ್ಲಿ ಇಯರ್‌ಫೋನಿನೊಳಗೆ ಕೂತು ಸಂತೈಸಿದ ದನಿ ನಮ್ಮನ್ನು ಬಲ್ಲದು ಅನ್ನಿಸಿಬಿಟ್ಟಿರುತ್ತದೆ. ಆ ದನಿಯ ಒಡೆಯನಿಗೋ ನಾವು ಇರುವುದೇ ಗೊತ್ತಿಲ್ಲ. ಎರಡು ಕ್ಷಣ ಅವನ ನೋಟ ಇತ್ತ ತಿರುಗಿದರೆ ಹಳೆಯ ಬಾಕಿ ಚುಕ್ತಾ ಆದಂತೆ. (ಅದೇ ನೋಟ ತನಗೇ ಸಂದದ್ದೆಂದು ಪಕ್ಕದ ಐದಾರು ಜನರೂ ನಂಬಿ ಮನೆಗೆ ಹೋಗುತ್ತಾರೆ. ಹೋಗಲಿ, ಯಾರ ಗಂಟೇನು ಹೋಯಿತು.)

ವೇದಿಕೆಯ ಮೇಲೆ ನಿಂತವನಿಗೆ ಇದೇ ಸಾಲು ಬೇರೆಯಾಗಿ ಕಾಣುತ್ತದೆ. ದೀಪಗಳು ಕಣ್ಣಿಗೆ ಹೊಡೆಯುವಾಗ ಮುಂದಿನ ಕೆಲವು ಸಾಲುಗಳಷ್ಟೇ ಸ್ಪಷ್ಟ. ಅದರಾಚೆ ಕತ್ತಲು, ಮೊಬೈಲುಗಳ ಮಿಣುಕು, ಒಂದು ದೊಡ್ಡ ಹೋ ಎಂಬ ಸದ್ದು. ಬಯಲಲ್ಲಿ ಎಷ್ಟೇ ಸಾವಿರ ಜನರಿದ್ದರೂ ಅವನ ಪಾಲಿಗೆ ಅವರೆಲ್ಲ ಮುಂದಿನ ಐವತ್ತು ಮುಖಗಳೇ. ಆ ಐವತ್ತು ಮಂದಿ, ಬೇಕೋ ಬೇಡವೋ, ಉಳಿದವರ ಪರವಾಗಿ ಅಲ್ಲಿ ನಿಂತಿರುತ್ತಾರೆ. ಹಾಗಾಗಿ ಅವರನ್ನು ಆರಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಟಿಕೆಟ್ ಮಾರುವವರಿಗಷ್ಟೇ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ನಮ್ಮಲ್ಲಿ ಈ ಆಯ್ಕೆ ಬಹುಕಾಲ ಅಂತಸ್ತಿನ ಮೇಲೆ ನಡೆದಿದೆ. ಸುಗಮ ಸಂಗೀತವಿರಲಿ, ಆರ್ಕೆಸ್ಟ್ರಾ ಇರಲಿ, ಮುಂದೆ ಗಣ್ಯರಿಗಾಗಿ ಬಿಳಿ ಬಟ್ಟೆ ಹೊದಿಸಿದ ಸೋಫಾ. ಉದ್ಘಾಟನೆ ಮುಗಿಸಿ, ಎರಡು ಹಾಡು ಕೇಳಿ ಅವರು ಎದ್ದ ಮೇಲೆ ಗಾಯಕಿ ಖಾಲಿ ಸೋಫಾಗಳಿಗೆ ಭಾವಗೀತೆ ಹಾಡುತ್ತಾಳೆ; ನಿಜವಾದ ಕೇಳುಗರು ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಪಾಪ್ ಲೋಕದಲ್ಲಿ ಅಂತಸ್ತಿನ ಜಾಗಕ್ಕೆ ಹಣ ಬಂದಿದೆ. 2022ರಲ್ಲಿ ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಪ್ರವಾಸದ ಟಿಕೆಟ್ಟುಗಳಿಗೆ ಬೇಡಿಕೆ ನೋಡಿ ಬೆಲೆ ಏರಿಸುವ ಪದ್ಧತಿ ಅಳವಡಿಸಿದಾಗ ಕೆಲವು ಸೀಟು 4,000 ಡಾಲರ್ ದಾಟಿದವು. ಆತ ಜೀವಮಾನವಿಡೀ ಹಾಡಿದ್ದು ಕಾರ್ಖಾನೆ ಊರುಗಳ ದುಡಿಯುವ ಜನರ ಬಗ್ಗೆ.

ಹಣಕ್ಕಿಂತ ಕ್ಯೂ ಮೇಲು ಎಂದು ನಾನೂ ಒಪ್ಪುತ್ತೇನೆ, ಅರೆಮನಸ್ಸಿನಿಂದ. ಮೊದಲು ಬಂದವರಿಗೆ ಮೊದಲ ಸಾಲು ಎಂದರೆ ಪ್ರೀತಿಗೆ ಬೆಲೆ ಕೊಟ್ಟಂತೆ ಕಾಣುತ್ತದೆ. ಆದರೆ ಹತ್ತು ಗಂಟೆ ನಿಲ್ಲಬಲ್ಲ ಮಂಡಿ, ನೀರು ಕುಡಿಯದೆ, ಶೌಚಕ್ಕೆ ಹೋಗದೆ ತಡೆಯಬಲ್ಲ ದೇಹ, ಆ ದಿನ ರಜೆ ಕೊಡುವ ಕೆಲಸ, ತಡರಾತ್ರಿ ಮನೆಗೆ ಬಂದರೂ ಬೈಯದ ಅಪ್ಪ ಅಮ್ಮ, ಇಷ್ಟೂ ಬೇಕು. ಇವು ಪ್ರೀತಿಯ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗಿಲ್ಲ.

ಅಮೆರಿಕದ ಬಿಲ್ಲಿ ಜೋಯೆಲ್ ಬೇರೆ ದಾರಿ ಹಿಡಿದ. ವೇದಿಕೆಗೆ ಅಂಟಿದ ಸೀಟುಗಳನ್ನು ಆತ ಮಾರುವುದನ್ನೇ ನಿಲ್ಲಿಸಿದ. ಷೋ ಶುರುವಾಗುವ ಮುನ್ನ ಅವನ ಕಡೆಯವರು ದೂರದ ಅಗ್ಗದ ಸೀಟುಗಳಿಗೆ ಹೋಗಿ, ಕೆಲವರನ್ನು ಕರೆತಂದು ಮುಂದೆ ಕೂರಿಸುತ್ತಿದ್ದರು. ದುಡ್ಡಿದ್ದವರು ಮುಂದೆ ಕೂತು, ಎಲ್ಲಿ ರಂಜಿಸು ನೋಡೋಣ ಎಂಬಂತೆ ಮುಖ ಮಾಡುವುದು ಆತನಿಗೆ ಸಾಕಾಗಿತ್ತಂತೆ. ನನಗೆ ಇದು ಉಳಿದೆಲ್ಲಕ್ಕಿಂತ ನ್ಯಾಯವಾಗಿ ಕಾಣುತ್ತದೆ. ಆ ಸೀಟಿನವರು ಕೈಲಾದಷ್ಟು ಕೊಟ್ಟು ಬಂದಿದ್ದಾರೆ, ಮತ್ತು ಮುಂದಿನ ಸಾಲು ತಾನು ಗಳಿಸಿದ್ದೆಂದು ಅವರಲ್ಲಿ ಯಾರೂ ಹೇಳಲಾರರು. ಗಳಿಸಿದೆ ಎಂದುಕೊಂಡವನು ಮೊಬೈಲನ್ನು ಎತ್ತಿ ಹಿಡಿದು ಗಾಯಕನಿಗೆ ಅದರ ಬೆನ್ನು ತೋರಿಸುತ್ತಾನೆ. ತನ್ನ ವಸೂಲಿ ತಾನು ಮಾಡುತ್ತಿರುತ್ತಾನೆ.

ಆರಿಸುವವರೇ ಇಲ್ಲದ ಮೊದಲ ಸಾಲೊಂದು ಬೆಂಗಳೂರಿನಲ್ಲಿ ಕೆಲವು ನಿಮಿಷ ಇತ್ತು. 2025ರ ಫೆಬ್ರುವರಿ 9, ಭಾನುವಾರ, ಎಡ್ ಶೀರನ್ ಚರ್ಚ್ ಸ್ಟ್ರೀಟಿನ ಪಾದಚಾರಿ ಮಾರ್ಗದಲ್ಲಿ ಗಿಟಾರು ಹಿಡಿದು ನಿಂತ. ಸಂಜೆ ನೈಸ್ ಮೈದಾನದಲ್ಲಿ ಟಿಕೆಟ್ಟಿನ ಷೋ ಇತ್ತು. ಇಲ್ಲಿ ಆ ಹೊತ್ತಿಗೆ ಆ ಬೀದಿಯಲ್ಲಿದ್ದವರೇ ಮುಂದಿನ ಸಾಲು. ಪೊಲೀಸರೊಬ್ಬರು ಬಂದು ವೈರು ಕಿತ್ತರು. ಅನುಮತಿ ಇತ್ತು ಎಂದು ಆತ, ಇರಲಿಲ್ಲ ಎಂದು ಪೊಲೀಸರು. ಸುದ್ದಿಯೆಲ್ಲ ಆ ವೈರಿನ ಸುತ್ತವೇ ಸುತ್ತಿತು. ನನಗೆ ಆಸಕ್ತಿ ಅಲ್ಲಿ ನಿಂತಿದ್ದವರ ಬಗ್ಗೆ. ಅವರಲ್ಲಿ ಅವನ ಹೆಸರೇ ಕೇಳದವರೂ ಇದ್ದಿರಬಹುದು. ಸಾವಿರಾರು ರೂಪಾಯಿ ಕೊಟ್ಟು ಸಂಜೆಗೆ ಕಾಯುತ್ತಿದ್ದ ಅಭಿಮಾನಿಗೆ ಆ ವಿಡಿಯೊ ನೋಡಿ ಹೊಟ್ಟೆ ಉರಿದಿದ್ದರೆ ಅದನ್ನು ಸಣ್ಣತನ ಎನ್ನಲು ನಾನು ಸಿದ್ಧನಿಲ್ಲ. ಅದೃಷ್ಟಕ್ಕೆ ಪ್ರೀತಿಯ ಪರಿಚಯವೇ ಇಲ್ಲ. ಜೋಯೆಲ್ ಕೂಡ ಅಗ್ಗದ ಟಿಕೆಟ್ಟಿನವರಲ್ಲೇ ಹುಡುಕಿದ, ಬೀದಿಯಲ್ಲಲ್ಲ.

ಇನ್ನು, ಮೊದಲ ಸಾಲಿಗಿಂತ ಮುಂದೆಯೂ ಜನರಿರುತ್ತಾರೆ. ಕಂಬಿಗೂ ವೇದಿಕೆಗೂ ನಡುವಿನ ಓಣಿಯಲ್ಲಿ ಕಾವಲಿನವರು ಸಾಲಾಗಿ ನಿಂತಿರುತ್ತಾರೆ, ಗಾಯಕನಿಗೆ ಬೆನ್ನು ಹಾಕಿ, ನಮ್ಮ ಕಡೆಗೆ ಮುಖ ಮಾಡಿ. ತಲೆಸುತ್ತಿದವರನ್ನು ಕಂಬಿಯ ಮೇಲಿಂದ ಎತ್ತಿಕೊಳ್ಳುವುದು, ನೀರಿನ ಬಾಟಲಿ ಕೊಡುವುದು ಅವರ ಕೆಲಸ. ಅವನಿಗೆ ಅಷ್ಟು ಹತ್ತಿರ ನಿಂತು, ಎಲ್ಲ ಹಾಡನ್ನೂ ಕೇಳಿ, ಅವರು ಎರಡು ಗಂಟೆ ನೋಡುವುದು ನಾವು ಅಳುವುದನ್ನು, ಕಿರುಚುವುದನ್ನು, ತುಟಿಯಾಡಿಸಿ ಹಾಡುವುದನ್ನು. ಹಿಂದೆ ತಿರುಗುವಂತಿಲ್ಲ.